ನಾಟಕದಲ್ಲಿ ಮಗಳು ಬೇಸ್‌ಬಾಲ್ ಆಡಿದರೆ ನಮ್ಮ ಜನ ಒಪ್ಪುತ್ತಾರಾ? ಪೀಳಿಗೆ ಅಂದರೆ ಹುಟ್ಟಿದ ವರ್ಷವಾ?

ಗುಬ್ಬಿಗೇಟ್81 (ತುಮಕೂರು)

ಒಂದು ನಾಟಕ ಬರೆಯುತ್ತಿದ್ದೇನೆ. ಎರಡು ಕಡೆ ನಿಂತುಹೋಗಿದ್ದೇನೆ. ಓದುವವರು, ನಾಟಕ ಕಟ್ಟುವವರು, ಆಟ ಆಡಿದವರು ಯಾರಿದ್ದರೂ ಅಭಿಪ್ರಾಯ ಹೇಳಿ.

ಕಥೆ ಹೀಗಿದೆ. ಅಪ್ಪ ಗುಬ್ಬಿ ತಾಲ್ಲೂಕಿನ ರೈತ. ಊರಲ್ಲಿ ಕುರುಕ್ಷೇತ್ರ ಆಡಿದಾಗಲೆಲ್ಲ ದುರ್ಯೋಧನನ ಪಾತ್ರ ಅವನದೇ. ನಮ್ಮ ಕಡೆಯ ಪೌರಾಣಿಕ ನಾಟಕ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಬೇಕು, ದುರ್ಯೋಧನ, ಕೃಷ್ಣ, ಭೀಮನಿಗೆ ಜಾಸ್ತಿ, ಸಣ್ಣಪುಟ್ಟ ಪಾತ್ರಕ್ಕೆ ಕಡಿಮೆ, ಸೀನ್ಸು ಮತ್ತು ಡ್ರೆಸ್ಸು ಬಾಡಿಗೆಗೆ ಬರುತ್ತವೆ, ದ್ರೌಪದಿ ಕುಂತಿಯರ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ರಾತ್ರಿ ಶುರುವಾದರೆ ಬೆಳಗಿನ ಜಾವದ ತನಕ. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅವಳು ಬೇಸ್‌ಬಾಲ್ ಆಡುತ್ತಾಳೆ.

ಮೊದಲ ಪ್ರಶ್ನೆ ಇದೇ. ಓದಿದ ಗೆಳೆಯರೆಲ್ಲ ಆಟ ಬದಲಾಯಿಸು ಅನ್ನುತ್ತಿದ್ದಾರೆ. ಕ್ರಿಕೆಟ್ ಮಾಡು, ಇಲ್ಲ ಕಬಡ್ಡಿ, ಖೋಖೋ. ನನಗೆ ಮನಸ್ಸಿಲ್ಲ. ಕಾರಣ ಇದೆ. ಕ್ರಿಕೆಟ್ ಆದರೆ ಅಪ್ಪನಿಗೂ ಅದರ ಮೇಲೆ ಹಕ್ಕಿದೆ. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಜಾಸ್ತಿ ವಿಕೆಟ್ ತೆಗೆದದ್ದು ನಮ್ಮ ರೋಜರ್ ಬಿನ್ನಿ ಅಂತ ಅವನಿಗೆ ಗೊತ್ತು, ಆ ಮಾತು ಬಂದರೆ ಅವನು ಅರ್ಧ ಗಂಟೆ ಬಿಡುವುದಿಲ್ಲ. ಕಬಡ್ಡಿಯನ್ನು ಅವನೇ ಆಡಿದ್ದಾನೆ. ಮಗಳು ಏನು ಮಾಡಿದರೂ ಅವನ ಹತ್ತಿರ ಒಂದು ಸಲಹೆ ರೆಡಿ ಇರುತ್ತದೆ. ನನಗೆ ಬೇಕಿರುವುದು ಅಪ್ಪ ಬಾಯಿ ಮುಚ್ಚಿಕೊಂಡು ನೋಡಲೇಬೇಕಾದ ಆಟ. ಅವನು ಕೂತು, ಈಗ ಏನಾಯಿತು, ಯಾಕೆ ಓಡಿದಳು ಅಂತ ಮಗಳನ್ನು ಕೇಳಬೇಕು. ಮೂವತ್ತು ವರ್ಷ ಊರಿಗೆಲ್ಲ ಡೈಲಾಗ್ ಹೇಳಿದವನು ಪ್ರೇಕ್ಷಕನಾಗಬೇಕು.

ಎರಡನೆಯದು ಪೀಳಿಗೆಯ ವಿಷಯ. ನಾಟಕದಲ್ಲಿ ಕಥೆ ಹೇಳುವವನು ಆ ಹುಡುಗಿಯ ಚಿಕ್ಕಪ್ಪ, 1981ರಲ್ಲಿ ಹುಟ್ಟಿದವನು, ನನ್ನ ಹಾಗೇ. ಅಮೆರಿಕದವರ ಲೆಕ್ಕದಲ್ಲಿ 1965ರಿಂದ 1980 ಜೆನ್ ಎಕ್ಸ್, 1981ರಿಂದ 1996 ಮಿಲೇನಿಯಲ್, 1997ರಿಂದ 2012 ಜೆನ್ ಝೀ. ಅಂದರೆ ಒಂದು ವರ್ಷ ಮೊದಲು ಹುಟ್ಟಿದ್ದರೆ ನಾನು ಬೇರೆ ಜಾತಿಯ ಮನುಷ್ಯ! ಈ ಲೆಕ್ಕವನ್ನು ಪಾತ್ರದ ಬಾಯಲ್ಲಿ ಹಾಕಿ ನೋಡಿದೆ. ಮಾತು ಕೂರುತ್ತಿಲ್ಲ. ಆದರೆ ಆ ಚಿಕ್ಕಪ್ಪ ಅಣ್ಣನ ಕಡೆಗೂ ಸೇರದೆ ಅಣ್ಣನ ಮಗಳ ಕಡೆಗೂ ಸೇರದೆ ಇರುವುದು ನಿಜ, ಅದನ್ನು ಹೇಳಲೇಬೇಕು. ಅವನು ಅಣ್ಣನ ನಾಟಕಕ್ಕೆ ಪ್ರಾಂಪ್ಟಿಂಗ್ ಮಾಡಿದವನು, ಅಂದರೆ ಮರೆಯಲ್ಲಿ ನಿಂತು ಮಾತು ನೆನಪಿಸಿದವನು, ತುಮಕೂರಿನ ಹಾಸ್ಟೆಲಿಗೆ ಬಂದ ಮೇಲೆ ಲೈಬ್ರರಿಯ ಪುಸ್ತಕಗಳಲ್ಲಿ ಮುಳುಗಿದವನು, ವೇಷ ಕಟ್ಟಲಿಲ್ಲ, ಆಟವೂ ಆಡಲಿಲ್ಲ. ಅವನನ್ನು ಯಾವ ಪೀಳಿಗೆ ಅನ್ನಬೇಕು?

ಸಿರಾ ದಾರಿ

ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಕ್ರಿಕೆಟ್ ಮಾಡಿ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕೂರುವ ಜನಕ್ಕೆ ಬೇಸ್‌ಬಾಲ್ ಅಂದರೆ ಇಂಗ್ಲಿಷ್ ಸಿನಿಮಾದಲ್ಲಿ ನೋಡಿದ ಆಟ ಅಷ್ಟೇ. ನಿಯಮ ವಿವರಿಸಲು ಹೊರಟರೆ ಒಂದು ಅಂಕ ಅದಕ್ಕೇ ಹೋಗುತ್ತದೆ. ಇನ್ನು ಬಿಟ್ಟರೆ ಜನ ಮೊಬೈಲ್ ತೆಗೆಯುತ್ತಾರೆ. ಹಳ್ಳಿ ಹುಡುಗಿ ಬೇಸ್‌ಬಾಲ್ ಆಡುವುದು ನಂಬುವ ಹಾಗೂ ಇಲ್ಲ.

ಪಿಟಿ ಮೇಷ್ಟ್ರು (ಕೋಲಾರ)

ನಂಬುವ ಹಾಗಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ಬೇಸ್‌ಬಾಲೂ ಇದೆ, ಸಾಫ್ಟ್‌ಬಾಲೂ ಇದೆ, ಹುಡುಗಿಯರ ತಂಡಗಳೂ ಇವೆ. ನಮ್ಮ ಕಡೆ ಈ ಆಟಕ್ಕೆ ಬರುವವರು ಹೆಚ್ಚಾಗಿ ಸರ್ಕಾರಿ ಶಾಲೆಯ ಮಕ್ಕಳೇ. ಕ್ರಿಕೆಟಿಗೆ ಕಿಟ್ಟು, ಕೋಚಿಂಗು, ಬೆಂಗಳೂರಿಗೆ ಓಡಾಟ ಎಲ್ಲ ಬೇಕು. ಇದರಲ್ಲಿ ಶಾಲೆಯ ಹತ್ತಿರ ನಾಲ್ಕು ಗ್ಲವ್ ಇದ್ದರೂ ಸರದಿಯಲ್ಲಿ ಹಾಕಿಕೊಂಡು ಕಲಿಯುತ್ತಾರೆ. ಚೆನ್ನಾಗಿ ಕಲ್ಲು ಬೀರಿ ಮಾವಿನಕಾಯಿ ಕೆಡವುವ ಹುಡುಗಿ ಸಿಕ್ಕರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಶ್ರೀನಿವಾಸಪುರದ ಕಡೆಯಿಂದ ಅಂಥವರು ಬರುತ್ತಾರೆ.

ಆದರೆ ಲೇಖಕರಿಗೆ ಒಂದು ಮಾತು. ನಿಮ್ಮ ಹುಡುಗಿ ಆಡುವುದು ಬೇಸ್‌ಬಾಲಾ, ಸಾಫ್ಟ್‌ಬಾಲಾ, ಮೊದಲು ತೀರ್ಮಾನ ಮಾಡಿ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಸಾಫ್ಟ್‌ಬಾಲಿನಲ್ಲಿ ಚೆಂಡು ದೊಡ್ಡದು, ಸುತ್ತಳತೆ 12 ಇಂಚು, ಪಿಚರ್, ಅಂದರೆ ಚೆಂಡು ಎಸೆಯುವವರು, ಕೈ ಕೆಳಗಿನಿಂದ ಎಸೆಯಬೇಕು, ಓಡುವವರು ಮುಟ್ಟಬೇಕಾದ ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ. ಬೇಸ್‌ಬಾಲಿನ ಚೆಂಡು ಸುಮಾರು 9 ಇಂಚು, ತೋಳೆತ್ತಿ ಬೀಸಿ ಎಸೆಯುತ್ತಾರೆ, ದೊಡ್ಡವರ ಮೈದಾನದಲ್ಲಿ ಬೇಸುಗಳ ನಡುವೆ 90 ಅಡಿ, ಪಿಚರ್ ನಿಲ್ಲುವ ಜಾಗದಿಂದ ಬ್ಯಾಟ್ ಹಿಡಿದವರ ಪಕ್ಕದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ವೇದಿಕೆ ಮೇಲೆ ನಟಿ ಕೈ ಎತ್ತಿದ ಕೂಡಲೇ ಆಡಿದವರಿಗೆ ಗೊತ್ತಾಗಿಬಿಡುತ್ತದೆ.

ಇನ್ನೊಂದು. ಕ್ರಿಕೆಟ್ ಆಡಿ ಬಂದ ಮಕ್ಕಳಿಗೆ ನಾನು ಮೊದಲು ಬಿಡಿಸುವ ಅಭ್ಯಾಸ ಬ್ಯಾಟ್ ಹಿಡಿದುಕೊಂಡು ಓಡುವುದು. ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು. ಹೊಡೆದ ಚೆಂಡು ಎರಡು ಗೆರೆಗಳ ನಡುವೆಯೇ ಬೀಳಬೇಕು, ಹಿಂದಕ್ಕೆ ತಿರುಗಿಸಿ ರನ್ ಕದಿಯುವ ಹಾಗಿಲ್ಲ. ಮತ್ತು ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ, ನೇರ ಬರುತ್ತದೆ.

ನಿಮ್ಮ ನಾಟಕಕ್ಕೆ ಉಪಯೋಗ ಆಗುವ ಒಂದು ಹೊಡೆತವಿದೆ, ಸ್ಯಾಕ್ರಿಫೈಸ್ ಬಂಟ್ ಅಂತ. ಬ್ಯಾಟು ಬೀಸುವುದಿಲ್ಲ, ಚೆಂಡಿಗೆ ಅಡ್ಡ ಹಿಡಿದು ಸುಮ್ನೆ ಮುಂದಕ್ಕೆ ಬೀಳಿಸುತ್ತಾರೆ. ಹೊಡೆದವಳು ಔಟ್ ಆಗುತ್ತಾಳೆ ಅಂತ ಅವಳಿಗೇ ಗೊತ್ತು. ಆ ಹೊತ್ತಿನಲ್ಲಿ ಬೇಸಿನಲ್ಲಿ ನಿಂತಿದ್ದ ತಂಡದವಳು ಮುಂದಿನ ಬೇಸಿಗೆ ಹೋಗುತ್ತಾಳೆ. ಸ್ಕೋರ್ ಪುಸ್ತಕದಲ್ಲಿ ಅದನ್ನು ಅವಳ ಬ್ಯಾಟಿಂಗ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವಳ ಸರಾಸರಿ ಇಳಿಯುವುದಿಲ್ಲ. ಕುರುಕ್ಷೇತ್ರ ನೋಡಿ ಬೆಳೆದ ಅಪ್ಪ ಇದನ್ನು ನೋಡಿದರೆ ಏನು ಅನ್ನುತ್ತಾನೆ? ನನಗಂತೂ ತಿಳಿಯುವ ಆಸೆ.

ಬೆಳಕು ಬಿಡುವವ (ತಿಪಟೂರು)

ಹವ್ಯಾಸಿ ತಂಡಗಳಿಗೆ ಲೈಟಿಂಗ್ ಮಾಡುತ್ತೇನೆ. ಸಿರಾ ದಾರಿ ಅವರ ಭಯ ಅರ್ಥವಾಗುತ್ತದೆ. ಆದರೆ ಅದಕ್ಕೆ ಉತ್ತರ ಆಟ ಬದಲಾಯಿಸುವುದಲ್ಲ, ಆಟವನ್ನು ವೇದಿಕೆಗೆ ತರದೇ ಇರುವುದು.

ಆಗಸ್ಟ್ ವಿಲ್ಸನ್ ಬರೆದ ಫೆನ್ಸಸ್ ಅನ್ನುವ ಅಮೆರಿಕದ ನಾಟಕ ಓದಿ. 1987ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದ ನಾಟಕ. ನಿಮ್ಮ ನಾಟಕಕ್ಕೆ ಅಣ್ಣನ ಹಾಗಿದೆ. ಟ್ರಾಯ್ ಅನ್ನುವ ಅಪ್ಪ, ಪಿಟ್ಸ್‌ಬರ್ಗ್ ಊರಲ್ಲಿ ಕಸದ ಗಾಡಿಯ ಕೆಲಸ. ಒಂದು ಕಾಲಕ್ಕೆ ಒಳ್ಳೆ ಬೇಸ್‌ಬಾಲ್ ಆಟಗಾರ. ಆದರೆ ಆಗ ಕಪ್ಪು ಜನರಿಗೆ ದೊಡ್ಡ ಲೀಗಿನಲ್ಲಿ ಜಾಗವಿರಲಿಲ್ಲ, ಅವರದೇ ನೀಗ್ರೋ ಲೀಗ್ ಅಂತ ಬೇರೆ ಇತ್ತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಆಡಿದ ಮೇಲೆ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಟ್ರಾಯ್‌ಗೆ ವಯಸ್ಸಾಗಿತ್ತು. ನಾಟಕ ಶುರುವಾಗುವುದು 1957ರಲ್ಲಿ. ಅವನ ಮಗನಿಗೆ ಫುಟ್‌ಬಾಲ್ ಆಡಿ ಕಾಲೇಜು ಸೇರುವ ಅವಕಾಶ ಬರುತ್ತದೆ. ಅಪ್ಪ ಬಿಡುವುದಿಲ್ಲ. ಕಾಲ ಬದಲಾಗಿದೆ ಅಂತ ಮಗ ದೊಡ್ಡ ಲೀಗಿನಲ್ಲಿ ಆಡುತ್ತಿದ್ದ ಕಪ್ಪು ಆಟಗಾರ ಹ್ಯಾಂಕ್ ಆರನ್ ಹೆಸರು ಹೇಳುತ್ತಾನೆ, ಅಪ್ಪ ತಳ್ಳಿಹಾಕುತ್ತಾನೆ. ಅಪ್ಪ ಮಗನನ್ನು ಕಾಪಾಡುತ್ತಿದ್ದಾನಾ, ಇಲ್ಲ ಮಗನ ಮೇಲೆ ಹೊಟ್ಟೆಕಿಚ್ಚಾ, ಕೊನೆ ತನಕ ನಿಮಗೆ ತೀರ್ಮಾನ ಮಾಡಲು ಆಗುವುದಿಲ್ಲ. ನನಗೆ ಎರಡೂ ಅನ್ನಿಸುತ್ತದೆ.

ನೋಡಬೇಕಾದ್ದು ಏನೆಂದರೆ, ಇಡೀ ನಾಟಕದಲ್ಲಿ ಒಂದೇ ಒಂದು ಮ್ಯಾಚ್ ಇಲ್ಲ. ಎಲ್ಲ ನಡೆಯುವುದು ಮನೆಯ ಮುಂದಿನ ಅಂಗಳದಲ್ಲಿ. ಅಲ್ಲೊಂದು ಮರ, ಮರಕ್ಕೆ ಕಟ್ಟಿದ ಬಟ್ಟೆ ಚೆಂಡು, ಒರಗಿಸಿಟ್ಟ ಬ್ಯಾಟು. ಅಷ್ಟೇ. ನಿಯಮ ಒಂದೂ ಗೊತ್ತಿಲ್ಲದವರಿಗೂ ಅಪ್ಪ ಬ್ಯಾಟ್ ಹಿಡಿದಾಗ ಭಯವಾಗುತ್ತದೆ. ನಿಮ್ಮ ನಾಟಕದಲ್ಲೂ ಮನೆಯ ಜಗಲಿ ಸಾಕು.

ಗದೆ ಮತ್ತು ಬ್ಯಾಟು ಒಂದೇ ಮೂಲೆಯಲ್ಲಿ ಇಡುವ ಯೋಚನೆ ನಿಮಗೆ ಈಗಾಗಲೇ ಬಂದಿರುತ್ತದೆ. ಇಡಿ. ಆದರೆ ಅದರ ಬಗ್ಗೆ ಯಾರ ಬಾಯಲ್ಲೂ ಒಂದು ಮಾತು ಆಡಿಸಬೇಡಿ. ಪ್ರೇಕ್ಷಕರು ಬಂದು ಕೂತ ತಕ್ಷಣ ನೋಡಿರುತ್ತಾರೆ.

ಇನ್ನು ಮಗಳ ವಿಷಯ. ಅಪ್ಪನ ವೇದಿಕೆಗೆ ಅವಳು ಹತ್ತುವ ಹಾಗೇ ಇರಲಿಲ್ಲ, ಅಲ್ವಾ? ಹೊರಗಿನಿಂದ ದ್ರೌಪದಿ ಬರುತ್ತಾಳೆ, ಊರ ಹೆಣ್ಣುಮಕ್ಕಳು ಚಾಪೆ ಮೇಲೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿ ಇದ್ದರು, ವೀರಣ್ಣನವರ ಮಗಳು ಮಾಲತಮ್ಮ, ಮೊಮ್ಮಗಳು ಬಿ. ಜಯಶ್ರೀ, ಮನೆಯ ಹೆಣ್ಣುಮಕ್ಕಳೇ ರಂಗ ಕಟ್ಟಿದರು. ಅದೇ ಗುಬ್ಬಿಯ ಪಕ್ಕದ ಹಳ್ಳಿಗಳಲ್ಲಿ ಆ ಗಾಳಿ ಬೀಸಲಿಲ್ಲ. ನಿಮ್ಮ ನಾಟಕದ ಜಗಳ ಇಲ್ಲಿದೆ ಅಂತ ನನ್ನ ನಂಬಿಕೆ. ಮಗಳು ಹೊಸ ಆಟ ಹಿಡಿದದ್ದು ಅಪ್ಪನ ಹಳೆಯ ಆಟದಲ್ಲಿ ಅವಳಿಗೆ ಪಾತ್ರ ಇರಲಿಲ್ಲ ಅನ್ನುವ ಕಾರಣಕ್ಕೆ ಇರಬಹುದು. ಹಾಗಿದ್ದರೆ ಕ್ರಿಕೆಟ್ಟೋ ಬೇಸ್‌ಬಾಲೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ)

ನಾನು ಆಡಿದ್ದೇನೆ. ಸಾಫ್ಟ್‌ಬಾಲ್, ಎಂಟನೇ ಕ್ಲಾಸಿನಿಂದ. ಸೆಕೆಂಡ್ ಬೇಸ್ ಕಾಯುತ್ತಿದ್ದೆ. ದಯವಿಟ್ಟು ಕ್ರಿಕೆಟ್ ಮಾಡಬೇಡಿ.

ನಮ್ಮ ತಂದೆ ರೇಷ್ಮೆ ರೀಲಿಂಗ್ ಮಾಡುತ್ತಾರೆ, ಗೂಡಿನಿಂದ ನೂಲು ತೆಗೆಯುವ ಕೆಲಸ. ನಾನು ಆಡಿದ್ದನ್ನು ಅವರು ಒಂದೇ ಸಲ ನೋಡಿದ್ದು. ಮನೆಗೆ ಬಂದು ಕೇಳಿದ ಪ್ರಶ್ನೆ, ಬೋರ್ಡಿನಲ್ಲಿ ರನ್ನು ಬರೆದ ಪಕ್ಕದಲ್ಲೇ ತಪ್ಪು ಎಷ್ಟು ಅಂತಲೂ ಯಾಕೆ ಬರೆಯುತ್ತಾರೆ? ಈ ಆಟದಲ್ಲಿ ಹಾಗೇ. ರನ್, ಹಿಟ್, ಎರರ್, ಮೂರೂ ಬೋರ್ಡಿನ ಮೇಲೆ ಇರುತ್ತದೆ. ಹಿಡಿಯಬಹುದಾಗಿದ್ದ ಚೆಂಡು ಬಿಟ್ಟರೆ ಅದು ತಂಡದ ಲೆಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲುತ್ತದೆ. ಆದರೂ ಆಟ ಮುಂದುವರಿಯುತ್ತದೆ, ಮುಂದಿನ ಚೆಂಡು ಬರುತ್ತದೆ. ನಮ್ಮ ತಂದೆಗೆ ಇದು ಬಹಳ ಇಷ್ಟವಾಯಿತು. ಎಷ್ಟೋ ದಿನ ಮನೆಯಲ್ಲಿ ಅದನ್ನೇ ಹೇಳುತ್ತಿದ್ದರು. ನಿಮ್ಮ ದುರ್ಯೋಧನನಿಗೆ ಈ ಪ್ರಶ್ನೆ ಕೊಡಿ ಅನ್ನಿಸುತ್ತದೆ. ನಾಟಕದ ಅಪ್ಪ ಬಾಯಿ ಮುಚ್ಚಿಕೊಂಡು ನೋಡಬೇಕು ಅಂದಿರಿ, ನನಗನ್ನಿಸುವುದು ಅವರು ತಪ್ಪು ತಪ್ಪಾಗಿ ಅರ್ಥ ಮಾಡಿಕೊಂಡು ಆಮೇಲೆ ಸರಿಯಾದ ಜಾಗಕ್ಕೆ ಬರಬೇಕು.

ಇನ್ನು ಜೆನ್ ಝೀ. ನಾನು 2004ರಲ್ಲಿ ಹುಟ್ಟಿದವಳು, ಹಾಗಾಗಿ ನನ್ನನ್ನು ಎಲ್ಲರೂ ಅದೇ ಡಬ್ಬಕ್ಕೆ ಹಾಕುತ್ತಾರೆ. ಆ ಹೆಸರು ಕೇಳಿದರೆ ನನಗೆ ಏನೂ ಅನ್ನಿಸುವುದಿಲ್ಲ. ಆದರೆ 2020ರ ಜೂನ್ ಕೊನೆಯಲ್ಲಿ ಮಾಸ್ಕ್ ಹಾಕಿಕೊಂಡು ಎಸ್ಸೆಸ್ಸೆಲ್ಸಿ ಬರೆದವರು ಯಾರಾದರೂ ಸಿಕ್ಕರೆ ಎರಡೇ ನಿಮಿಷದಲ್ಲಿ ಸ್ನೇಹವಾಗುತ್ತದೆ. ಎಲ್ಲಿಯವರಾದರೂ ಸರಿ. ಮಾರ್ಚ್ ಕೊನೆಯಲ್ಲಿ ಶುರುವಾಗಬೇಕಿದ್ದ ಪರೀಕ್ಷೆ, ಓದಿದ್ದನ್ನೇ ಮತ್ತೆ ಓದಿದ್ದು, ಆಮೇಲೆ ಪಿಯುಸಿ ಅಂದರೆ ಮೊಬೈಲಿನ ಪರದೆ. ಅದರಲ್ಲೂ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು ಒಂದು ಪೀಳಿಗೆ, ಇಲ್ಲದವರು ಇನ್ನೊಂದು ಪೀಳಿಗೆ. ಒಂದೇ ಬೆಂಚಿನಲ್ಲಿ ಕೂತಿದ್ದವರು.

ಓದುಗ (ಮಾಲೂರು)

ರೇಷ್ಮೆಗೂಡು ಅವರು ಹೇಳಿದ್ದನ್ನೇ ಕಾರ್ಲ್ ಮ್ಯಾನ್‌ಹೈಮ್ ಅನ್ನುವ ಸಮಾಜಶಾಸ್ತ್ರಜ್ಞ 1928ರ ಒಂದು ಪ್ರಬಂಧದಲ್ಲಿ ಹೇಳಿದ್ದಾರೆ. ಒಂದೇ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೀಳಿಗೆ ಆಗುವುದಿಲ್ಲ, ಎಳೆಯ ವಯಸ್ಸಿನಲ್ಲಿ ಒಂದೇ ದೊಡ್ಡ ಬದಲಾವಣೆಯೊಳಗೆ ಸಿಕ್ಕಿಕೊಂಡಿರಬೇಕು, ಸಿಕ್ಕಿಕೊಂಡವರಲ್ಲೂ ಒಬ್ಬೊಬ್ಬರು ಅದಕ್ಕೆ ಒಂದೊಂದು ರೀತಿ ಉತ್ತರ ಕೊಡುತ್ತಾರೆ ಅಂತ. ವರ್ಷದ ಡಬ್ಬಗಳು ಆಮೇಲೆ ಬಂದದ್ದು. ಜೆನ್ ಎಕ್ಸ್‌ಗೂ ಮೊದಲಿನವರಿಗೆ ಇಟ್ಟ ಬೂಮರ್ ಅನ್ನುವ ಹೆಸರಿಗೆ ಅಮೆರಿಕದಲ್ಲಿ ಕಾರಣವಿತ್ತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಮಕ್ಕಳ ಸಂಖ್ಯೆ ದಿಢೀರನೆ ಏರಿತು. ಆ ಕಥೆ ಮಾಲೂರಿನದಲ್ಲ. ಈ ಡಬ್ಬಗಳನ್ನು ಜಗತ್ತಿಗೆಲ್ಲ ಹಂಚಿದವರಲ್ಲಿ ಒಬ್ಬರಾದ ಪ್ಯೂ ಸಂಶೋಧನಾ ಸಂಸ್ಥೆಯೇ 2023ರಲ್ಲಿ, ಇನ್ನು ಮುಂದೆ ಈ ಹೆಸರುಗಳನ್ನು ನೋಡಿಕೊಂಡು ಕಡಿಮೆ ಬಳಸುತ್ತೇವೆ ಅಂದಿತು.

ನಮ್ಮ ಹತ್ತಿರದ ಉದಾಹರಣೆ ನೋಡಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರಲ್ಲಿ, ನಮ್ಮ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಗುಬ್ಬಿ ವೀರಣ್ಣ ಹುಟ್ಟಿದ್ದೂ 1891ರಲ್ಲೇ. ಒಬ್ಬರು ಎಂ.ಎ. ಮಾಡಿ ಮೈಸೂರು ಸಿವಿಲ್ ಸರ್ವಿಸ್ ಸೇರಿ ಸಣ್ಣಕಥೆ ಬರೆದರು, ಜ್ಞಾನಪೀಠದ ತನಕ ಹೋದರು. ಇನ್ನೊಬ್ಬರು 1884ರಲ್ಲೇ ಶುರುವಾಗಿದ್ದ ನಾಟಕ ಕಂಪನಿಯನ್ನು ಮಗುವಾಗಿದ್ದಾಗಲೇ ಸೇರಿ, ಮುಂದೆ ಅದರ ಯಜಮಾನರಾಗಿ, ಕುರುಕ್ಷೇತ್ರದಲ್ಲಿ ವೇದಿಕೆಯ ಮೇಲೆ ನಿಜವಾದ ಆನೆ ಕುದುರೆ ತಂದರು. ಹುಟ್ಟಿದ ವರ್ಷ ಒಂದು. ಅವರ ಜನ ಬೇರೆ, ಭಾಷೆಯ ವರಸೆ ಬೇರೆ, ಒಬ್ಬರ ಓದುಗರು ದೀಪದ ಪಕ್ಕ ಒಬ್ಬೊಬ್ಬರೇ ಕೂತವರು, ಇನ್ನೊಬ್ಬರ ಪ್ರೇಕ್ಷಕರು ಸಾವಿರಗಟ್ಟಲೆ ಒಟ್ಟಿಗೆ ವನ್ಸ್ ಮೋರ್ ಕೂಗಿದವರು. ಇವರನ್ನು ಒಂದೇ ಪೀಳಿಗೆ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ನಿಮ್ಮ ಚಿಕ್ಕಪ್ಪ ಆ ಎರಡರ ಮಧ್ಯೆ ಇದ್ದಾನೆ, ಅಣ್ಣ ಗುಂಪಿನ ಮನುಷ್ಯ, ಅವನು ಪುಸ್ತಕದ ಮನುಷ್ಯ. ಹುಟ್ಟಿದ ವರ್ಷ ತೆಗೆದುಹಾಕಿ, ಅವನು ಓದಿದ್ದನ್ನು ತನ್ನಿ. ಅವನು ದುರ್ಯೋಧನನನ್ನು ಮೊದಲು ಅಣ್ಣನ ಗಂಟಲಿನಲ್ಲಿ ಕೇಳಿದನಾ, ರನ್ನನ ಗದಾಯುದ್ಧದಲ್ಲಿ ಓದಿದನಾ? ಕೇಳಿದ್ದು ಮೊದಲು, ಓದಿದ್ದು ಆಮೇಲೆ ಅಂದರೆ ಅವನ ಓದಿನೊಳಗೆ ಅಣ್ಣನ ದನಿ ಇದ್ದೇ ಇರುತ್ತದೆ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಚಾಂಪಿಯನ್ ರೀಫ್

ಕೆಜಿಎಫ್‌ನವನು. ನಮ್ಮಲ್ಲಿ ಪೀಳಿಗೆ ಎರಡೇ. ಗಣಿ ಸೈರನ್ ಕೇಳಿ ಬೆಳೆದವರು, ಕೇಳದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನ್ನ ಅಣ್ಣನಿಗೂ ನನಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ, ಆದರೆ ಅವನು ಗಣಿಯ ಕೆಲಸ ಸಿಗುತ್ತದೆ ಅಂತ ನಂಬಿ ಬೆಳೆದ, ನಾನು ಬೆಳಗಿನ ಬೆಂಗಳೂರು ರೈಲು ಹಿಡಿಯಬೇಕು ಅಂತ ಗೊತ್ತಿದ್ದು ಬೆಳೆದೆ. ಇಬ್ಬರೂ ಮಾತಾಡುವಾಗ ಇದು ಈಗಲೂ ಅಡ್ಡ ಬರುತ್ತದೆ. ಲೇಖಕರೇ, ನಿಮ್ಮ ಊರಲ್ಲಿ ಅಂಥದ್ದು ಯಾವುದು ಮುಚ್ಚಿತು ಅಥವಾ ತೆರೆಯಿತು ಅಂತ ಹುಡುಕಿ. ಅಲ್ಲಿ ಗೆರೆ ಎಳೆಯಿರಿ.

ಗುಬ್ಬಿಗೇಟ್81 (ತುಮಕೂರು)

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ಗಂಭೀರವಾಗಿ ಯೋಚಿಸಿ ಬರೆಯುತ್ತೀರಿ ಅಂತ ನಿರೀಕ್ಷೆ ಇರಲಿಲ್ಲ.

ಚಾಂಪಿಯನ್ ರೀಫ್ ಅವರ ಪ್ರಶ್ನೆ ಹಿಡಿದುಕೊಂಡು ಯೋಚಿಸಿದೆ. ನಮ್ಮ ಊರಲ್ಲಿ ಮುಚ್ಚಿದ್ದು ಬಾವಿ. ಅಪ್ಪನ ಕಾಲಕ್ಕೆ ತೆರೆದ ಬಾವಿಯಲ್ಲಿ ನೀರಿತ್ತು, ಆಮೇಲೆ ಎಲ್ಲ ಬೋರ್‌ವೆಲ್. ನಾಟಕಕ್ಕೂ ಇದಕ್ಕೂ ನೇರ ಸಂಬಂಧವಿದೆ. ಬೆಳೆ ಬಂದ ವರ್ಷ ನಾಟಕ, ಬರದ ವರ್ಷ ಇಲ್ಲ. ಬೋರ್ ತೆಗೆಸಿದ ಸಾಲ ಮತ್ತು ದುರ್ಯೋಧನನ ಪಾತ್ರದ ದುಡ್ಡು ಒಂದೇ ಜೇಬಿನಿಂದ ಹೋಗಬೇಕು. ಮಗಳನ್ನು ಆಟಕ್ಕೆ ಬೇರೆ ಊರಿಗೆ ಕಳಿಸುವ ಖರ್ಚೂ ಅದೇ ಜೇಬಿನಿಂದ. ಇದು ನನ್ನ ಎರಡನೇ ಅಂಕದಲ್ಲಿ ಇರಲೇ ಇಲ್ಲ, ಬರೀ ಅಭಿಪ್ರಾಯಗಳ ಜಗಳ ಇತ್ತು. ಈಗ ಒಂದು ದೃಶ್ಯ ಸಿಕ್ಕಿತು. ಹಾರ್ಮೋನಿಯಂ ಮೇಷ್ಟ್ರು ಪಾತ್ರ ಹಂಚಲು ಬಂದಿದ್ದಾರೆ. ಅಪ್ಪ ಈ ಸಲ ದುರ್ಯೋಧನ ಬೇಡ, ಶಕುನಿ ಕೊಡಿ ಅನ್ನುತ್ತಾನೆ. ಅದಕ್ಕೆ ದುಡ್ಡು ಕಡಿಮೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಮಗಳಿಗೆ ಗೊತ್ತಾಗುವುದು ಮೂರನೇ ಅಂಕದಲ್ಲಿ. ಪಿಟಿ ಮೇಷ್ಟ್ರು ಹೇಳಿದ ಆ ಬಂಟ್ ಇಲ್ಲಿಗೆ ಬರುತ್ತದೆ, ಆದರೆ ತಿಪಟೂರಿನವರ ಮಾತಿನಂತೆ ಎರಡನ್ನೂ ಯಾರೂ ಜೋಡಿಸಿ ಮಾತಾಡುವುದಿಲ್ಲ.

ಸಿರಾ ದಾರಿ ಅವರೇ, ಬೇಸ್‌ಬಾಲ್ ಉಳಿಸಿಕೊಳ್ಳುತ್ತೇನೆ. ನಿಮ್ಮ ಆತಂಕ ತಲೆಯಲ್ಲಿಟ್ಟುಕೊಂಡೇ ಬರೆಯುತ್ತೇನೆ, ನಿಯಮ ವಿವರಿಸುವ ಮಾತು ಒಂದೂ ಇರುವುದಿಲ್ಲ. ಅಪ್ಪ ಕೇಳುವ ಪ್ರಶ್ನೆಗಳೇ ಸಾಕು. ರೇಷ್ಮೆಗೂಡು ಅವರೇ, ಬೋರ್ಡಿನ ಮೇಲಿನ ತಪ್ಪಿನ ಲೆಕ್ಕದ ಪ್ರಶ್ನೆ ನಿಮ್ಮ ತಂದೆಯವರದು, ಬಳಸಿಕೊಳ್ಳಲು ಅವರ ಒಪ್ಪಿಗೆ ಕೇಳಿ ಹೇಳುತ್ತೀರಾ?

ಚಿಕ್ಕಪ್ಪನ ಬಾಯಿಂದ ಮಿಲೇನಿಯಲ್ ಮಾತು ತೆಗೆದೆ. ಅವನು ಪ್ರಾಂಪ್ಟರ್ ಆಗಿದ್ದವನಲ್ಲವಾ, ಇಡೀ ಕುರುಕ್ಷೇತ್ರ ಅವನಿಗೆ ಬಾಯಿಪಾಠ, ಆದರೆ ಜೋರಾಗಿ ಹೇಳಿ ಗೊತ್ತಿಲ್ಲ. ಅವನ ಪೀಳಿಗೆ ಅಷ್ಟೇ ಅಂತ ಬರೆದಿದ್ದೇನೆ. ಮಾಲೂರಿನವರು ಹೇಳಿದ ಹಾಗೆ ಗದಾಯುದ್ಧ ಓದುವಾಗ ಅವನಿಗೆ ಅಣ್ಣನ ದನಿ ಕೇಳಿಸುವ ಒಂದು ಸಣ್ಣ ಭಾಗವೂ ಬಂದಿದೆ. ಅಲ್ಲಿ ಬೆಳಕು ಹೇಗೆ ಅಂತ ಆಮೇಲೆ ತಿಪಟೂರಿನವರನ್ನೇ ಕೇಳಬೇಕು.

ಪಿಟಿ ಮೇಷ್ಟ್ರೇ, ಮಗಳ ಪಾತ್ರಕ್ಕೆ ಡಿಗ್ರಿ ಓದುವ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ಚೆಂಡು ಎಸೆಯುವುದು, ಗ್ಲವ್ ಹಾಕುವುದು ಏನೂ ಗೊತ್ತಿಲ್ಲ. ಕಲಿಸಿಕೊಡಲು ಆಗುತ್ತದಾ?

ರೇಷ್ಮೆಗೂಡು (ಶಿಡ್ಲಘಟ್ಟ)

ಕೇಳಿದೆ. ಬಳಸಿಕೊಳ್ಳಲಿ ಅಂದರು. ನಾಟಕ ಯಾವಾಗ ಅಂತ ಕೇಳುತ್ತಿದ್ದಾರೆ.

ಪಿಟಿ ಮೇಷ್ಟ್ರು (ಕೋಲಾರ)

ಖಂಡಿತ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಕರೆದುಕೊಂಡು ಬನ್ನಿ, ನಮ್ಮ ಹುಡುಗಿಯರೂ ಇರುತ್ತಾರೆ, ನನಗಿಂತ ಅವರೇ ಚೆನ್ನಾಗಿ ಹೇಳಿಕೊಡುತ್ತಾರೆ. ಒಂದೇ ದಿನದಲ್ಲಿ ಆಗುವುದಿಲ್ಲ, ಭುಜ ನೋಯುತ್ತದೆ, ಮೊದಲ ವಾರ ಹತ್ತಿರದಿಂದ ಮಾತ್ರ ಎಸೆಯಿಸುತ್ತೇನೆ. ಗ್ಲವ್ ಎಸೆಯುವ ಕೈಗಲ್ಲ, ಇನ್ನೊಂದು ಕೈಗೆ ಹಾಕಬೇಕು. ನಮ್ಮಲ್ಲಿರುವುದೆಲ್ಲ ಬಲಗೈಯಲ್ಲಿ ಎಸೆಯುವವರ ಗ್ಲವ್. ಆ ಹುಡುಗಿ ಎಡಗೈಯವಳಾದರೆ ಮೊದಲೇ ತಿಳಿಸಿ, ಬೇರೆ ಶಾಲೆಯಿಂದ ತರಿಸಿಡುತ್ತೇನೆ.